ಹೊರಗಡೆ ಚಿಲಕವಿರುವ ಬಾಗಿಲು

ಹೋದ ವಾರ ಮುಂಬೈ ಹತ್ತಿರದ ನಮ್ಮ ಡೊಂಬಿವಲಿಯಲ್ಲಿ ರಾತ್ರಿ ಎರಡು ತಾಸು ಕರೆಂಟ್ ಇರಲಿಲ್ಲ. ಹೊರಗೆ ಮಳೆ. ಮೊಬೈಲಿನಲ್ಲಿ ಚಾರ್ಜ್ ಮುಗಿದಿತ್ತು. ಹೆಂಡತಿ ಹಳೇ ಕ್ಯಾಲೆಂಡರಿನ ರಟ್ಟಿನಿಂದ ಗಾಳಿ ಬೀಸಿಕೊಳ್ಳುತ್ತಾ, "ಸುಮ್ನೆ ಕೂತು ಎಂತ ಮಾಡುವುದು? ನಿಮ್ಮ ಆ ಇಂಗ್ಲಿಷ್ ಪುಸ್ತಕದ್ದು ಒಂದು ಕತೆಯಾದರೂ ಹೇಳಿ ಮಾರಾಯ್ರೆ" ಅಂದಳು.

ಹೇಳಿದೆ. 1847ರಲ್ಲಿ ಬಂದ ಷಾರ್ಲೆಟ್ ಬ್ರಾಂಟೆಯ 'ಜೇನ್ ಏರ್'. ಅಪ್ಪ ಅಮ್ಮ ಇಲ್ಲದ ಹುಡುಗಿ ಜೇನ್. ಥಾರ್ನ್‌ಫೀಲ್ಡ್ ಎಂಬ ದೊಡ್ಡ ಮನೆಗೆ ಪಾಠ ಹೇಳಿಕೊಡಲು ಬರುತ್ತಾಳೆ. ಆ ಮನೆಯ ಮೂರನೇ ಮಾಳಿಗೆಯಲ್ಲಿ ಒಂದು ಸಣ್ಣ ಓಣಿ. ಕೊನೆಯಲ್ಲಿ ಒಂದೇ ಒಂದು ಪುಟ್ಟ ಕಿಟಕಿ. ಎರಡೂ ಬದಿಗೆ ಸಾಲಾಗಿ ಕಪ್ಪು ಬಾಗಿಲುಗಳು, ಎಲ್ಲ ಮುಚ್ಚಿವೆ. ಅಲ್ಲಿಂದ ಯಾರೋ ನಗುವುದು ಕೇಳಿಸುತ್ತದೆ. ಯಾರದು ಅಂತ ಕೇಳಿದರೆ, ಗ್ರೇಸ್ ಪೂಲ್ ಇರಬೇಕು, ಹೊಲಿಗೆ ಕೆಲಸದವಳು ಅನ್ನುತ್ತಾರೆ. ಒಂದು ರಾತ್ರಿ ಯಜಮಾನ ರಾಚೆಸ್ಟರನ ಹಾಸಿಗೆಗೆ ಬೆಂಕಿ ಬೀಳುತ್ತದೆ. ಕೊನೆಗೆ ಜೇನ್‌ಗೂ ಅವನಿಗೂ ಮದುವೆ ಅನ್ನುವ ದಿನ ಗೊತ್ತಾಗುತ್ತದೆ: ಅವನ ಮೊದಲ ಹೆಂಡತಿ ಬರ್ಥಾ ಬದುಕಿದ್ದಾಳೆ. ಹುಚ್ಚು ಹಿಡಿದಿದೆ ಅಂತ ಆ ಮೂರನೇ ಮಾಳಿಗೆಯಲ್ಲೇ ಕೂಡಿ ಹಾಕಿದ್ದಾನೆ. ಗ್ರೇಸ್ ಪೂಲ್ ಅವಳ ಕಾವಲಿನವಳು.

ಇಲ್ಲಿ ನಾನು ಸ್ವಲ್ಪ ನಿಲ್ಲಿಸಿದೆ. ಕೇಳುವವರ ಮೈ ಜುಂ ಅನ್ನಬೇಕಾದ ಜಾಗ ಅದು.

ಕತ್ತಲಲ್ಲಿ ಹೆಂಡತಿ ಕೇಳಿದಳು, "ಆ ಗ್ರೇಸ್ ಪೂಲ್‌ಗೆ ಸಂಬಳ ಎಷ್ಟು?"

ನನಗೆ ನಗು ಬಂತು. ಕರೆಂಟ್ ಬಂದ ಮೇಲೆ ಪುಸ್ತಕ ತೆಗೆದು ನೋಡಿದೆ. ಅವಳ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು! ಜೇನ್‌ಗೆ ಸಿಗುವುದು ವರ್ಷಕ್ಕೆ 30 ಪೌಂಡ್. ಲೀಯಾ ಎಂಬ ಕೆಲಸದ ಹುಡುಗಿ ಇನ್ನೊಬ್ಬಳ ಹತ್ತಿರ ಹೇಳುತ್ತಾಳೆ, ಗ್ರೇಸ್‌ಗೆ ಸಿಗುವುದರ ಐದನೇ ಒಂದು ಪಾಲು ಕೂಡ ತನಗಿಲ್ಲ ಅಂತ. ಗುಟ್ಟು ರಟ್ಟಾದ ಮೇಲೆ ರಾಚೆಸ್ಟರ್ ಬಾಯಲ್ಲೇ ಲೆಕ್ಕ ಬರುತ್ತದೆ: ಈ ಮನೆ ಮುಚ್ಚುತ್ತೇನೆ, ಹೆಂಡತಿಯ ಜೊತೆ ಇಲ್ಲೇ ಇರಲು ಗ್ರೇಸ್‌ಗೆ ವರ್ಷಕ್ಕೆ 200 ಪೌಂಡ್ ಕೊಡುತ್ತೇನೆ. ಪಾಠ ಹೇಳುವವಳಿಗೆ 30, ಬೀಗದ ಕೈ ಇಟ್ಟುಕೊಂಡವಳಿಗೆ 200.

ಲೀಯಾ ಆ ಮಾತು ಆಡುವಾಗ ಜೇನ್ ಹತ್ತಿರದಲ್ಲೇ ಇರುತ್ತಾಳೆ. ಆ ಇನ್ನೊಬ್ಬಳು ಪಿಸುಮಾತಿನಲ್ಲಿ ಕೇಳುತ್ತಾಳೆ, ಇವಳಿಗೆ ಗೊತ್ತಿಲ್ಲವಾ ಅಂತ. ಲೀಯಾ ಇಲ್ಲ ಅಂತ ತಲೆಯಾಡಿಸುತ್ತಾಳೆ. ಅಂದರೆ ಕತೆ ಹೇಳುತ್ತಿರುವ ಜೇನ್‌ಗೆ ಗೊತ್ತಿಲ್ಲ, ಓದುವ ನಮಗೂ ಗೊತ್ತಿಲ್ಲ, ದಿನಗೂಲಿಗೆ ಬಂದ ಹೆಂಗಸಿಗೆ ಗೊತ್ತು. ಇಡೀ ಪುಸ್ತಕದಲ್ಲಿ ನನಗೆ ಜಾಸ್ತಿ ಹೆದರಿಕೆ ತಂದ ಜಾಗ ಇದು. ಆ ನಗು ಅಲ್ಲ, ಬೆಂಕಿ ಅಲ್ಲ, ಈ ತಲೆಯಾಡಿಸುವಿಕೆ.

ಇದು ನನಗೇ ಯಾಕೆ ಹೀಗೆ ನಾಟಿತು ಅಂತ ಹೇಳಬೇಕಾದರೆ ಮುಂಬೈಯ ಫೋರ್ಟ್ ಎಂಬ ಹಳೇ ಆಫೀಸುಗಳ ಪೇಟೆಯ ಒಂದು ಹಿಂಬದಿಯ ಜಿನಾದ ಕತೆ ಹೇಳಬೇಕು. ಜಿನಾ ಅಂದರೆ ಮೆಟ್ಟಿಲು. ಮುಂಬೈಯಲ್ಲಿ ನಲವತ್ತು ವರ್ಷ ಕಳೆದ ಮೇಲೆ ನನ್ನ ಬಾಯಿಗೆ ಮೊದಲು ಬರುವುದು ಆ ಶಬ್ದವೇ.

1981ರಲ್ಲಿ ಕಾರ್ಕಳದ ಹತ್ತಿರದ ಹಳ್ಳಿಯಿಂದ ಮಾವನ ಜೊತೆ ಬಂದೆ. ನನಗೆ ಹದಿನಾಲ್ಕು. ಆಗ ಕೊಂಕಣ ರೈಲು ಇಲ್ಲ, ಬಸ್ಸಿನಲ್ಲಿ ಕೂತು ಕೂತು ಕಾಲು ಊದಿತ್ತು. ದಾದರಿನಿಂದ ಲೋಕಲ್ ಹಿಡಿದು ವಿ.ಟಿ., ಅಂದರೆ ವಿಕ್ಟೋರಿಯಾ ಟರ್ಮಿನಸ್ ಸ್ಟೇಷನ್ನಿನಲ್ಲಿ ಇಳಿದೆವು. ಹೊರಗೆ ಬಂದು ತಿರುಗಿ ನೋಡಿದರೆ ಗುಮ್ಮಟ, ಮೊನಚು ಕಮಾನು, ಗೋಡೆ ತುಂಬ ಎಲೆ, ನವಿಲು, ಮಂಗ. "ಮಾವ, ಇದು ಯಾವ ದೇವಸ್ಥಾನ?" ಅಂತ ಕೇಳಿದೆ. "ರೈಲಿನದ್ದು. ನಡಿ ನಡಿ, ಧಣಿಗಳು ಕಾಯುತ್ತಾರೆ" ಅಂದರು.

ಎಫ್. ಡಬ್ಲ್ಯು. ಸ್ಟೀವನ್ಸ್ ಎಂಬ ಎಂಜಿನಿಯರ್ ಅದನ್ನು 1878ರಿಂದ 1888ರವರೆಗೆ ಹತ್ತು ವರ್ಷ ಕಟ್ಟಿಸಿದ್ದು, ಆ ಕೆತ್ತನೆಯಲ್ಲಿ ಜೆ.ಜೆ. ಕಲಾಶಾಲೆಯ ಹುಡುಗರ ಕೈ ಇದೆ, ಗೇಟಿನ ಕಂಬಗಳ ಮೇಲೆ ಒಂದು ಕಡೆ ಇಂಗ್ಲೆಂಡಿಗೆ ಸಿಂಹ, ಇನ್ನೊಂದು ಕಡೆ ಇಂಡಿಯಾಕ್ಕೆ ಹುಲಿ, ಇವೆಲ್ಲ ಆಮೇಲೆ ತಿಳಿದ ಸಂಗತಿ. ಆ ಹೊತ್ತಿಗೆ ನನಗೆ ಕಂಡದ್ದು ಬಾಯಿ ತೆರೆದ ಕಲ್ಲಿನ ಮೃಗಗಳು ಮಾತ್ರ. ಮಳೆನೀರು ಹೊರಗೆ ಉಗಿಯಲು ಮಾಡಿದ್ದು. ನಮ್ಮ ದೇವಸ್ಥಾನಗಳಲ್ಲಿ ಗರ್ಭಗುಡಿಯಿಂದ ಅಭಿಷೇಕದ ನೀರು ಹೊರಗೆ ಬರುವ ಕಡೆ ಮೊಸಳೆ ಬಾಯಿ ಇರುತ್ತದಲ್ಲ, ಹಾಗೆ.

ಫೋರ್ಟಿನ ಒಂದು ಉಡುಪಿ ಹೋಟೆಲಿಗೆ ಸೇರಿದೆ. ಮೊದಲು ಟೇಬಲ್ ಒರೆಸುವುದು, ಆರು ತಿಂಗಳ ಮೇಲೆ ಬಾಹರ್‌ವಾಲಾ. ಸುತ್ತಲಿನ ಆಫೀಸುಗಳಿಗೆ ಚಹಾ ಕೊಟ್ಟು ಬರುವ ಹುಡುಗನಿಗೆ ಹೋಟೆಲಿನವರು ಹಾಗೆ ಹೇಳುವುದು. ಒಂದು ಕೈಯಲ್ಲಿ ಕಿಟ್ಲಿ, ಇನ್ನೊಂದು ಕೈಯಲ್ಲಿ ತಂತಿಯ ಸ್ಟ್ಯಾಂಡಿನಲ್ಲಿ ಗ್ಲಾಸುಗಳು. ರಾತ್ರಿ ಏಳೂವರೆಗೆ ಕನ್ನಡ ರಾತ್ರಿ ಶಾಲೆ. ಮನೆಮಾತು ತುಳು, ಓದು ಕನ್ನಡ, ಗಿರಾಕಿಗಳ ಹತ್ತಿರ ಹಿಂದಿ ಮರಾಠಿ. ಇಂಗ್ಲಿಷ್ ಅಂದರೆ ಬೋರ್ಡಿನ ಮೇಲೆ ಇರುವ ಅಕ್ಷರ, ಅಷ್ಟೇ.

ಫೋರ್ಟಿನ ಈ ಹಳೇ ಕಲ್ಲಿನ ಕಟ್ಟಡಗಳನ್ನು ಜನ ಓವಲ್ ಮೈದಾನದಲ್ಲಿ ನಿಂತು ನೋಡುತ್ತಾರೆ, ಫೋಟೋ ತೆಗೆಯುತ್ತಾರೆ. 2018ರಿಂದ ಯುನೆಸ್ಕೋ ಪಟ್ಟಿಯಲ್ಲೂ ಇವೆ. ನಾನು ಅವುಗಳನ್ನು ನೋಡಿದ್ದು ಹಿಂದುಗಡೆಯಿಂದ. ಎದುರಿನ ದೊಡ್ಡ ಮೆಟ್ಟಿಲು ಸಾಹೇಬರಿಗೆ. ಚಹಾದವನು, ಕಸ ಗುಡಿಸುವವನು, ನೀರು ತರುವವನು ಹಿಂದಿನಿಂದ. ಹೈಕೋರ್ಟನ್ನೇ ನೋಡಿ. ಕರ್ನಲ್ ಫುಲ್ಲರ್ ನಕ್ಷೆ, 1878ರಲ್ಲಿ ಮುಗಿದದ್ದು. ಎಂಟು ಮೂಲೆಯ ಎರಡು ಗೋಪುರಗಳಿವೆ, ಅಂದಕ್ಕೆ ಅಂತ ನೀವು ಅಂದುಕೊಂಡಿರುತ್ತೀರಿ. ಅವುಗಳ ಒಳಗೆ ಇರುವುದು ಜಡ್ಜ್‌ಗಳು ಮಾತ್ರ ಓಡಾಡಲು ಮಾಡಿದ ಮೆಟ್ಟಿಲು. ಕಕ್ಷಿಗಾರನ ಮುಖ ಜಡ್ಜಿಗೆ ಮೆಟ್ಟಿಲಲ್ಲಿ ಎದುರಾಗಬಾರದು. ಯಾರು ಯಾರಿಗೆ ಎದುರಾಗಬೇಕು, ಯಾರು ಆಗಬಾರದು ಅನ್ನುವುದನ್ನು ಕಲ್ಲಿನಲ್ಲೇ ಬರೆದಿಟ್ಟಿದ್ದಾರೆ. ಒಳಗಿನ ಕೆತ್ತನೆಯಲ್ಲಿ ಒಂದು ಮಂಗ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ತಕ್ಕಡಿ ಹಿಡಿದಿದೆ. ಕೆತ್ತಿದವನು ಯಾವ ಮೆಟ್ಟಿಲಲ್ಲಿ ಓಡಾಡುತ್ತಿದ್ದನೋ!

ನನ್ನ ಕತೆಯ ಕಟ್ಟಡ ಹೈಕೋರ್ಟ್ ಅಲ್ಲ. ಅದರ ಹೆಸರು ಬೇಡ. ನಾಲ್ಕು ಮಾಳಿಗೆಯ ಹಳೇ ಕಲ್ಲಿನ ಕಟ್ಟಡ, ತುಂಬ ಆಫೀಸುಗಳು. ಹಿಂದೆ ಕಬ್ಬಿಣದ ಸುರುಳಿ ಜಿನಾ, ಸುತ್ತ ಗೋಡೆ. ಪ್ರತಿ ಮಾಳಿಗೆಗೂ ಒಂದು ಬಾಗಿಲು, ಚಿಲಕ ಮಾತ್ರ ಆಫೀಸಿನ ಕಡೆಗೆ. ಜಿನಾದಲ್ಲಿ ನಿಂತವನ ಕೈಯಲ್ಲಿ ಏನೂ ಇಲ್ಲ. ಬಾಗಿಲು ಬಡಿಯಬೇಕು, ಅವರು ತೆಗೆಯಬೇಕು. ನಾಲ್ಕನೇ ಮಾಳಿಗೆಯ ಕೊನೆಯ ಖೋಲಿ ಬಂದ್. ಹಳೇ ಫೈಲುಗಳು ಅನ್ನುತ್ತಿದ್ದರು. ವಾಚ್‌ಮನ್ ಹೇಳುವುದು ಬೇರೆ: ಅಲ್ಲೊಬ್ಬ ಗೋರಾ ಸಾಹೇಬ ನೇಣು ಹಾಕಿಕೊಂಡಿದ್ದಾನೆ, ರಾತ್ರಿ ಅವನು ಕೆಲಸ ಮಾಡುವುದು ಕೇಳಿಸುತ್ತದೆ.

1984ರ ಜುಲೈ ಇರಬೇಕು. ಸಂಜೆ ಏಳರ ಹತ್ತಿರ ಖಾಲಿ ಗ್ಲಾಸು ತರಲು ಮೂರನೇ ಮಾಳಿಗೆಗೆ ಹೋದೆ. ಬಡಿದೆ, ಯಾರೂ ತೆಗೆಯಲಿಲ್ಲ. ಮಳೆ ಅಂತ ಎಲ್ಲ ಬೇಗ ಹೊರಟಿದ್ದರು. ಕೆಳಗೆ ಬಂದರೆ ಕೆಳಗಿನ ಬಾಗಿಲಿಗೂ ಚಿಲಕ ಬಿದ್ದಿದೆ. ಕೂಗಿದೆ. ಮಳೆ ಶಬ್ದದಲ್ಲಿ ಯಾರಿಗೆ ಕೇಳಿಸಬೇಕು? ಅಷ್ಟರಲ್ಲಿ ಇದ್ದೊಂದು ಬಲ್ಬೂ ಆರಿತು. ಮೇಲಿನಿಂದ ಗೋಡೆಗುಂಟ ನೀರು ಇಳಿಯುತ್ತಿದೆ. ಕಬ್ಬಿಣದ ಮೆಟ್ಟಿಲು ಒದ್ದೆ. ಕಿಟ್ಲಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ಅದರಲ್ಲಿ ಉಳಿದ ಚಹಾದ ಬಿಸಿ ಒಂದೇ ನನ್ನ ಜೊತೆಗಾರ.

ಆಗ ಕೇಳಿಸಿತು. ಟಕ್. ಟಕ್ ಟಕ್. ಟಕಟಕಟಕ. ಟಿಂಗ್. ಕಿರ್ರ್.

ನಾಲ್ಕನೇ ಮಾಳಿಗೆಯಿಂದ.

ಊರಿನ ದೈವಗಳ ಹೆಸರೆಲ್ಲ ಒಂದು ಸುತ್ತು ಹೇಳಿ ಮುಗಿಸಿದೆ. ಆಮೇಲೆ ಏನಾಯಿತೋ, ರಾತ್ರಿಯಿಡೀ ಇಲ್ಲಿ ಕೂರುವುದಕ್ಕಿಂತ ಸಾಹೇಬನೇ ವಾಸಿ ಅನ್ನಿಸಿತು. ಹತ್ತಿ ಹೋಗಿ ಬಾಗಿಲು ಬಡಿದೆ. ಟಕಟಕ ನಿಂತಿತು. ತುಂಬ ಹೊತ್ತು ಸದ್ದಿಲ್ಲ.

"ಕೋಣ್ ಆಹೇ?"

ದೆವ್ವ ಮರಾಠಿಯಲ್ಲಿ ಕೇಳಿದ್ದೇ ನನಗೆ ಜೀವ ಬಂತು. "ಮೀ, ಚಹಾವಾಲಾ!" ಅಂತ ಕಿರುಚಿದೆ.

ಚಿಲಕ ಸರಿಯಿತು. ಮೇಣದಬತ್ತಿ ಹಿಡಿದು ಒಬ್ಬ ಮುದುಕರು ನಿಂತಿದ್ದರು. ಬನಿಯನ್, ಮೇಲಕ್ಕೆ ಕಟ್ಟಿದ ಧೋತರ, ಮೂಗಿನ ತುದಿಯಲ್ಲಿ ಕನ್ನಡಕ. ಹಿಂದೆ ಟೇಬಲ್ ಮೇಲೆ ಟೈಪ್‌ರೈಟರ್, ಗೂಟದಲ್ಲಿ ನೇತು ಹಾಕಿದ ಅಂಗಿ. ನಾನಾ ಅನ್ನೋಣ, ಎಲ್ಲರೂ ಹಾಗೇ ಕರೆಯುತ್ತಿದ್ದರು. ಅದೇ ಕಟ್ಟಡದ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದು ರಿಟೈರ್ ಆದವರು. ಗಿರಗಾಂವದ ಚಾಳಿನಲ್ಲಿ ಹತ್ತು ಅಡಿಗೆ ಹನ್ನೆರಡು ಅಡಿಯ ಖೋಲಿ. ಮಗನ ಮದುವೆ ಆಗಿತ್ತು. ರಾತ್ರಿ ಹೊತ್ತು ಆ ಖೋಲಿಯಲ್ಲಿ ಅಪ್ಪ ಇರುವುದು ಸರಿಯಾ, ನೀವೇ ಹೇಳಿ. ಹಳೇ ಪರಿಚಯದ ಪ್ಯೂನ್ ಒಬ್ಬ ಬೀಗದ ಕೈ ಕೊಟ್ಟಿದ್ದ. ವಕೀಲರ ಅರ್ಜಿಗಳನ್ನು ಪುಟಕ್ಕಿಷ್ಟು ಅಂತ ಟೈಪ್ ಮಾಡಿ, ಅಲ್ಲೇ ಫೈಲುಗಳ ಮೇಲೆ ಚಾದರ ಹಾಸಿ ಮಲಗುತ್ತಿದ್ದರು. ಬೆಳಗ್ಗೆ ಎಂಟಕ್ಕೆ ಜಾಗ ಖಾಲಿ.

"ಕುಣಾಲಾ ಸಾಂಗು ನಕೋ" ಅಂದರು. ಯಾರಿಗೂ ಹೇಳಬೇಡ.

ಹೇಳಲಿಲ್ಲ. ಅಷ್ಟೇ ಅಲ್ಲ, ಮರುದಿನದಿಂದ ಕೊನೆಯ ಕಿಟ್ಲಿಯಲ್ಲಿ ಒಂದು ಗ್ಲಾಸ್ ಮೇಲಕ್ಕೆ ಹೋಗುತ್ತಿತ್ತು, ಕೆಲವೊಮ್ಮೆ ಕಾಗದದಲ್ಲಿ ಸುತ್ತಿದ ಎರಡು ಇಡ್ಲಿ. ಗಲ್ಲೆಯ ಲೆಕ್ಕಕ್ಕೆ ಬರದ ಚಹಾ. ವಾಚ್‌ಮನ್ ದೆವ್ವದ ಕತೆ ಹೇಳಿದಾಗೆಲ್ಲ ನಾನೂ ಒಂದು ಮಾತು ಸೇರಿಸುತ್ತಿದ್ದೆ, "ಹೌದು, ನನಗೂ ಕೇಳಿಸಿದೆ, ಟಿಂಗ್ ಅಂತ." ದೆವ್ವ ಗಟ್ಟಿಯಾದಷ್ಟೂ ನಾನಾ ಅವರ ಖೋಲಿ ಗಟ್ಟಿ. ಎರಡು ವರ್ಷ ಹೀಗೆ ನಡೆಯಿತು. ಒಂದು ದಿನ ನಾನಾ ಬರಲಿಲ್ಲ, ಮತ್ತೆ ಯಾವತ್ತೂ ಬರಲಿಲ್ಲ. ಪ್ಯೂನನನ್ನು ಕೇಳಿದೆ. ಅವನು ಬೀಗದ ಕೈ ಜೇಬಿಗೆ ಹಾಕಿಕೊಂಡು ಬೇರೆ ಮಾತು ತೆಗೆದ.

ರಾತ್ರಿ ಶಾಲೆ ಮುಗಿಸಿ, ಒಂದು ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿದು, ಬೆಳಗಿನ ಕಾಲೇಜಿಗೆ ಸೇರಿದೆ. ಅಲ್ಲಿ 'ಜೇನ್ ಏರ್' ಪಠ್ಯ. ಗ್ರೇಸ್ ಪೂಲ್ ಅಡುಗೆಮನೆಗೆ ಬಂದು, ಒಂದು ಲೋಟ ಪೋರ್ಟರ್ ಬಿಯರ್ ತೆಗೆದುಕೊಂಡು, ಯಾರ ಹತ್ತಿರವೂ ಮಾತಾಡದೆ ಮೇಲೆ ಹೋಗುವ ಜಾಗ ಬಂತು. ಕ್ಲಾಸಿನಲ್ಲಿ ಕೂತಿದ್ದ ನನಗೆ ಕೈಯಲ್ಲಿ ಕಿಟ್ಲಿಯ ಭಾರ ಬಂದ ಹಾಗಾಯಿತು. ಎಲ್ಲರೂ ಅವಳನ್ನು ಅನುಮಾನದಿಂದ ನೋಡುತ್ತಿದ್ದರು. ನನಗೆ ಅವಳು ಪರಿಚಯದವಳು.

ಅಲ್ಲಿಂದ ಹುಚ್ಚು ಹಿಡಿಯಿತು. ಡೇವಿಡ್ ಸಸೂನ್ ಲೈಬ್ರರಿಗೆ ಮೆಂಬರ್ ಆದೆ. 1870ರ ಕಟ್ಟಡ, ಅದೂ ಮೊನಚು ಕಮಾನುಗಳದ್ದೇ. ಮೇಲಿನ ಜಗುಲಿಯಲ್ಲಿ ಉದ್ದ ಕೈಯ ಒರಗು ಕುರ್ಚಿಗಳು. ಶನಿವಾರ ಮಧ್ಯಾಹ್ನ ವಕೀಲರು, ಮುದುಕರು ಅದರಲ್ಲಿ ಗೊರಕೆ ಹೊಡೆಯುತ್ತಿದ್ದರು. ಅವರ ನಡುವೆ ಕೂತು ನಾನು ಕೋಟೆ, ಮಠ, ಪಾಳು ಬಂಗಲೆಗಳ ಒಳಗೆ ಓಡಾಡಿದೆ. ಎಲ್ಲ ಕಡೆ ನನ್ನ ಕಣ್ಣು ಮೊದಲು ಹುಡುಕುವುದು ಒಂದನ್ನೇ: ಚಿಲಕ ಯಾವ ಕಡೆ ಇದೆ?

ಆ್ಯನ್ ರ‍್ಯಾಡ್‌ಕ್ಲಿಫ್ 1794ರಲ್ಲಿ ಬರೆದ ಉಡಾಲ್ಫೋ ಕೋಟೆಯ ಕಾದಂಬರಿಯಲ್ಲಿ ಎಮಿಲಿ ಎಂಬ ಹುಡುಗಿಗೆ ಮಲಗಲು ಒಂದು ಕೋಣೆ ಕೊಡುತ್ತಾರೆ. ಅದಕ್ಕೆ ಇನ್ನೊಂದು ಬಾಗಿಲಿದೆ, ಆಚೆ ಗುಪ್ತ ಮೆಟ್ಟಿಲು. ಆ ಬಾಗಿಲಿಗೆ ಕೋಣೆಯ ಕಡೆ ಒಂದೂ ಚಿಲಕವಿಲ್ಲ. ಹೊರಗಡೆ ಎರಡಿವೆ. ಆ ಸಾಲು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಆ ಕಾದಂಬರಿಯಲ್ಲಿ ಎಲ್ಲರೂ ಹೇಳುವುದು ಕಪ್ಪು ಪರದೆಯ ಹಿಂದೆ ಏನಿದೆ ಅನ್ನುವ ಗುಟ್ಟನ್ನು. ಕೊನೆಗೆ ನೋಡಿದರೆ ಅದೊಂದು ಮೇಣದ ಬೊಂಬೆ. ಬೊಂಬೆ ಸುಳ್ಳು, ಚಿಲಕ ಸತ್ಯ. ರ‍್ಯಾಡ್‌ಕ್ಲಿಫಮ್ಮನಿಗೆ ಅದು ಗೊತ್ತಿತ್ತು ಅಂತಲೇ ನನ್ನ ನಂಬಿಕೆ.

ಕೋಟೆ, ಪಾಳು ಬಂಗಲೆಯ ಈ ಹೆದರಿಕೆ ಕತೆಗಳ ಮೂಲಪುರುಷ ಹೊರೇಸ್ ವಾಲ್ಪೋಲ್. ಲಂಡನ್ನಿನ ಹತ್ತಿರ ಟ್ವಿಕೆನ್ಹ್ಯಾಮಿನಲ್ಲಿ ಸ್ಟ್ರಾಬೆರಿ ಹಿಲ್ ಅಂತ ಮನೆ ಕಟ್ಟಿಸಿದ. ಹಳೇ ಮಠದ ಹಾಗೆ ಕಾಣಬೇಕು ಅಂತ ಆಸೆ. ಕಲ್ಲಿನಲ್ಲಿ ಮಾಡಿದರೆ ದುಡ್ಡು ಜಾಸ್ತಿ. ಹಾಗಾಗಿ ಒಂದು ಕಡೆ ಚಾವಣಿಯ ಕಮಾನುಗಳನ್ನು ನೆನೆಸಿದ ಕಾಗದದ ಮುದ್ದೆಯಿಂದ ಮಾಡಿಸಿದ. ನಮ್ಮ ಗಣಪತಿ ಮಂಟಪದವರನ್ನು ಕೇಳಿದ್ದರೆ ಇನ್ನೂ ಅಗ್ಗದಲ್ಲಿ ಆಗುತ್ತಿತ್ತು. ಆ ಮನೆಯಲ್ಲಿ ಒಂದು ರಾತ್ರಿ ಅವನಿಗೆ ಕನಸು: ದೊಡ್ಡ ಮೆಟ್ಟಿಲಿನ ಹಿಡಿಗಂಬಿಯ ಮೇಲೆ ಕಬ್ಬಿಣದ ಕವಚ ತೊಟ್ಟ ಒಂದು ಭಾರಿ ಕೈ. ಅದರಿಂದ 1764ರಲ್ಲಿ 'ದಿ ಕ್ಯಾಸಲ್ ಆಫ್ ಒಟ್ರಾಂಟೊ' ಹುಟ್ಟಿತು. ಮೊದಲು ಯಾವುದೋ ಹಳೇ ಇಟಾಲಿಯನ್ ಪುಸ್ತಕದ ಅನುವಾದ ಅಂತ ಸುಳ್ಳು ಹೇಳಿದ. ಓಡತೊಡಗಿದ ಮೇಲೆ ಎರಡನೇ ಮುದ್ರಣದಲ್ಲಿ ತನ್ನದೇ ಅಂತ ಒಪ್ಪಿಕೊಂಡು, ಗೋಥಿಕ್ ಕತೆ ಅಂತ, ಯುರೋಪಿನ ಹಳೇ ಚರ್ಚು, ಮಠಗಳ ಮೊನಚು ಕಮಾನಿನ ಶೈಲಿಯ ಹೆಸರನ್ನೇ ಅದಕ್ಕೂ ಕೊಟ್ಟ. ಅಂದರೆ ಮನೆಯೂ ನಕಲಿ, ಪುಸ್ತಕವೂ ನಕಲಿ. ಹುಟ್ಟಿದ್ದು ಮಾತ್ರ ಅಸಲಿ. ಅದರಲ್ಲೂ ಕವಚದ ದೈತ್ಯ ಕಾಲನ್ನು ಮೊದಲು ನೋಡುವವರು ಯಾರು? ಡಿಯೇಗೊ, ಜಾಕ್ವೆಸ್ ಎಂಬ ಇಬ್ಬರು ಆಳುಗಳು. ಧಣಿಗೆ ಹೇಳಲು ಬಂದರೆ ಅವರಿಗೆ ಬಾಯಿ ತೊದಲುತ್ತದೆ. ಅವನು ಬೈಯುತ್ತಾನೆ.

ಅಲ್ಲಿಂದ ನೂರು ವರ್ಷ ಆದ ಮೇಲೆ ಆ ಮೊನಚು ಕಮಾನು ಮುಂಬೈಗೆ ಬಂತು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್ ಕೋಟೆಯ ಗೋಡೆ ಒಡೆಸಿದರು. ಅಮೆರಿಕದಲ್ಲಿ ಅಂತರ್ಯುದ್ಧ, ಅಲ್ಲಿನ ಹತ್ತಿ ನಿಂತಿತು, ಇಲ್ಲಿನ ಹತ್ತಿಗೆ ಚಿನ್ನದ ಬೆಲೆ. ಆ ದುಡ್ಡಿನಲ್ಲಿ ಎದ್ದವರಲ್ಲಿ ಪ್ರೇಮಚಂದ್ ರಾಯಚಂದ್ ಒಬ್ಬರು. ಅವರು ಕೊಟ್ಟ ಹಣದಿಂದ ಯೂನಿವರ್ಸಿಟಿಯ ಲೈಬ್ರರಿ ಮತ್ತು 280 ಅಡಿಯ ಗಡಿಯಾರ ಗೋಪುರ ಎದ್ದಿತು. ಗೋಪುರಕ್ಕೆ ಅವರ ತಾಯಿ ರಾಜಾಬಾಯಿಯ ಹೆಸರು. ನಕ್ಷೆ ಬರೆದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಮುಂಬೈ ಮಣ್ಣು ಮೆಟ್ಟಲೇ ಇಲ್ಲ, ಇಂಗ್ಲೆಂಡಿನಲ್ಲೇ ಕೂತು ಕಳಿಸಿದರು. ಹೀಗಾಗಿ ನಮ್ಮಲ್ಲಿ ಗೋಥಿಕ್ ಅಂದರೆ ಪಾಳು ಅಲ್ಲ, ದೆವ್ವ ಅಲ್ಲ. ಕೋರ್ಟು, ರೈಲು, ಕಾಲೇಜು. ಶುರುವಿನಿಂದಲೂ ಜನ ತುಂಬಿ ತುಳುಕುವ ಜಾಗ. ಅಲ್ಲಿ ಇಲ್ಲದ ಅಗಲ ವೆರಾಂಡಾ ಇಲ್ಲಿ ಸೇರಿತು, ಬಿಸಿಲಿಗೆ, ಮಳೆಗೆ.

ರಾಜಾಬಾಯಿ ಗೋಪುರದ ಬಗ್ಗೆ ಒಂದು ಮಾತು. 1891ರಲ್ಲಿ ಇಬ್ಬರು ಪಾರ್ಸಿ ಯುವತಿಯರು ಅಲ್ಲಿಂದ ಬಿದ್ದು ಸತ್ತರು. ಆಗ ಮುಂಬೈಯೆಲ್ಲ ಅದೇ ಮಾತಾಗಿತ್ತಂತೆ. ನಾನು ಕೆಳಗೆ ಓಡಾಡುವಾಗ ಮೇಲೆ ನೋಡಿದರೆ ಆ ಇಬ್ಬರ ನೆನಪೇ ಬರುತ್ತದೆ, ಗಡಿಯಾರ ಆಮೇಲೆ. ಇದನ್ನು ದೆವ್ವದ ಕತೆ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಇಂಗ್ಲಿಷ್ ಕಾದಂಬರಿಯ ದೆವ್ವಕ್ಕೆ ಮೊದಲು ಬೇಕಾದದ್ದು ಖಾಲಿ ಕೋಣೆ. ಥಾರ್ನ್‌ಫೀಲ್ಡಿನಲ್ಲಿ ಒಂದು ಮಾಳಿಗೆಗೆ ಮಾಳಿಗೆಯೇ ಹಳೇ ಮಂಚ, ಪೆಟ್ಟಿಗೆ ಇಟ್ಟುಕೊಂಡು ಖಾಲಿ ಬಿದ್ದಿದೆ. ಡಿಕನ್ಸ್ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್'ನಲ್ಲಿ ಮಿಸ್ ಹ್ಯಾವಿಶ್ಯಾಮ್ ಒಂದು ಕೋಣೆ ಪೂರ್ತಿ ಮದುವೆಯ ಕೇಕಿಗೆ ಬಿಟ್ಟಿದ್ದಾಳೆ. ಗಡಿಯಾರಗಳೆಲ್ಲ ಎಂಟು ಗಂಟೆ ನಲವತ್ತು ನಿಮಿಷಕ್ಕೆ ನಿಂತಿವೆ, ಕೇಕಿನ ಮೇಲೆ ಜೇಡ ಓಡಾಡುತ್ತಿದೆ. ನಮ್ಮ ಗಿರಗಾಂವದಲ್ಲಾದರೆ ಆ ಕೋಣೆಯನ್ನು ಪಾರ್ಟಿಶನ್ ಹಾಕಿ ಎರಡು ಸಂಸಾರಕ್ಕೆ ಕೊಟ್ಟಾಗಿರುತ್ತಿತ್ತು. ಏಳು ಜನ ಮಲಗುವ ಖೋಲಿಯಲ್ಲಿ ಹೆಂಡತಿಯನ್ನು ಹದಿನೈದು ದಿನ ಬಚ್ಚಿಡಿ ನೋಡೋಣ! ಪಕ್ಕದ ಮನೆಯ ಕಾಕು ಸಂಜೆಯೊಳಗೆ ಊಟದ ತಟ್ಟೆ ಲೆಕ್ಕ ಹಾಕಿ ಹಿಡಿಯುತ್ತಾಳೆ. ಮುಂಬೈಯಲ್ಲಿ ಬದುಕಿದವರಿಗೇ ಜಾಗ ಸಿಗದೆ ದೆವ್ವದ ವೇಷ ಹಾಕಬೇಕಾಗುತ್ತದೆ. ನಾನಾ ಹಾಕಿದ್ದು ಅದನ್ನೇ ಅಲ್ವಾ?

ನಮ್ಮೂರಿನ ಲೆಕ್ಕ ಮತ್ತೊಂದು. ಗುತ್ತಿನ ಮನೆಯಲ್ಲಿ ದೈವಕ್ಕೆ ಅಂತಲೇ ಜಾಗ ಇದೆ, ಮಣೆ ಮಂಚ ಇದೆ, ಕಾಲಕಾಲಕ್ಕೆ ದೀಪ, ವರ್ಷಕ್ಕೊಮ್ಮೆ ಕೋಲ. ಅದು ಬಂದು ಮಾತಾಡುತ್ತದೆ, ಮನೆಯವರನ್ನು ಬೈಯುತ್ತದೆ, ತಪ್ಪಿದ್ದರೆ ಒಪ್ಪಿಸುತ್ತದೆ. ಬರ್ಥಾಳಿಗೆ ಇಡೀ ಪುಸ್ತಕದಲ್ಲಿ ಒಂದು ಮಾತಿಲ್ಲ.

ಡ್ರಾಕುಲಾ ಬಗ್ಗೆ ಹೋಟೆಲಿನವನಾಗಿ ಹೇಳದೆ ಇರಲಾರೆ. ಬ್ರ್ಯಾಮ್ ಸ್ಟೋಕರ್, 1897. ಹಾರ್ಕರ್ ಎಂಬ ಯುವಕ ಕೋಟೆಗೆ ಬಂದು ಸೇರುತ್ತಾನೆ. ಊಟ ಚೆನ್ನಾಗಿದೆ: ಹುರಿದ ಕೋಳಿ, ಚೀಸ್, ಸಾಲಡ್, ಹಳೇ ವೈನ್. ಒಂದು ದಿನ ಅವನು ಬಾಗಿಲ ಸಂದಿಯಿಂದ ನೋಡಿದರೆ ಡ್ರಾಕುಲಾ ತಾನೇ ಟೇಬಲ್ ಜೋಡಿಸುತ್ತಿದ್ದಾನೆ. ಹಾಸಿಗೆ ಹಾಸಿದ್ದೂ ಅವನೇ. ಮನೆಯಲ್ಲಿ ಒಬ್ಬ ಆಳೂ ಇಲ್ಲ ಅಂತ ಹಾರ್ಕರನಿಗೆ ಆಗ ಹೊಳೆಯುತ್ತದೆ. ಧಣಿಯೂ ಅವನೇ, ಸಪ್ಲೈಯರ್ ಅವನೇ, ಕ್ಲೀನರ್ ಅವನೇ! ಓದಿದಾಗ ಗಟ್ಟಿಯಾಗಿ ನಕ್ಕೆ, ಪಕ್ಕದ ಕುರ್ಚಿಯ ವಕೀಲರಿಗೆ ಎಚ್ಚರವಾಯಿತು. ಮನೆಗೆ ಹೋಗುವಾಗ ರೈಲಿನಲ್ಲಿ ಯೋಚಿಸಿದರೆ ಬೆನ್ನು ತಣ್ಣಗಾಯಿತು. ಆಳು ಇಲ್ಲದ ಮನೆಯಿಂದ ಹೊರಗೆ ಸುದ್ದಿ ಹೋಗುವುದಾದರೂ ಹೇಗೆ? ಚಹಾದವನೂ ಬರದ ಕಟ್ಟಡ ಅದು.

ಎಮಿಲಿ ಬ್ರಾಂಟೆಯ 'ವದರಿಂಗ್ ಹೈಟ್ಸ್' ಕೂಡ 1847ರದ್ದೇ. ಬಾಗಿಲ ಮೇಲೆ 1500 ಅಂತ ಇಸವಿ ಕೆತ್ತಿದ ಆ ಮನೆಯ ಕಿಟಕಿಗಳು ಸಣ್ಣವು, ಗೋಡೆಯೊಳಗೆ ಹುದುಗಿವೆ. ಗಾಳಿ ಅಷ್ಟಿದೆ. ಆ ಮನೆಯ ಮೂರು ತಲೆಮಾರಿನ ಕತೆ ಹೇಳುವವಳು ನೆಲ್ಲಿ ಡೀನ್, ಕೆಲಸದವಳು. ಬ್ರಾಂಟೆ ಅಕ್ಕತಂಗಿಯರ ಹಾವರ್ತ್ ಮನೆಯಲ್ಲೂ ಟ್ಯಾಬಿ ಅಂತ ಒಬ್ಬ ಮುದುಕಿ ಅಡುಗೆ ಮಾಡುತ್ತಾ ಊರಿನ ಹಳೇ ಕತೆ ಹೇಳುತ್ತಿದ್ದಳು. ಮನೆಯ ಮುಂದೆಯೇ ಸ್ಮಶಾನ. ಷಾರ್ಲೆಟ್ 1839ರಲ್ಲಿ ಯಾರ್ಕ್‌ಷೈರಿನ ನಾರ್ಟನ್ ಕಾನ್ಯರ್ಸ್ ಎಂಬ ಮನೆಗೆ ಹೋಗಿದ್ದಳು. ಅಟ್ಟದಲ್ಲಿ ಒಬ್ಬ ಹುಚ್ಚಿಯನ್ನು ಇಟ್ಟಿದ್ದರು ಅಂತ ಅಲ್ಲಿ ಜನ ಹೇಳಿಕೊಳ್ಳುತ್ತಿದ್ದರು. 2004ರಲ್ಲಿ ಆ ಮನೆಯ ಮರದ ಹಲಗೆಗಳ ಹಿಂದೆ, ಅಟ್ಟಕ್ಕೆ ಹೋಗುವ ಒಂದು ಮುಚ್ಚಿಹೋದ ಮೆಟ್ಟಿಲು ಸಿಕ್ಕಿತು. ಸುದ್ದಿ ಓದಿ ನಾನು ಪೇಪರ್ ಕತ್ತರಿಸಿ ಪುಸ್ತಕದೊಳಗೆ ಇಟ್ಟೆ.

ಮೊನ್ನೆ ಹೆಂಡತಿಯ ಪ್ರಶ್ನೆ ಕೇಳಿದ ಮೇಲೆ ಜೇನ್ ಆಸ್ಟಿನ್ನಳ 'ನಾರ್ಥ್ಯಾಂಗರ್ ಅಬಿ' ಮತ್ತೆ ತೆಗೆದೆ. ಆಸ್ಟಿನ್ ತೀರಿಕೊಂಡ ಮೇಲೆ 1817ರ ಕೊನೆಗೆ ಬಂದ ಪುಸ್ತಕ. ಇಂಥ ಕಾದಂಬರಿ ಓದಿ ಓದಿ ತಲೆ ಕೆಡಿಸಿಕೊಂಡ ಕ್ಯಾಥರೀನ್ ಒಂದು ಹಳೇ ಮಠದ ಮನೆಗೆ ಅತಿಥಿಯಾಗಿ ಹೋಗುತ್ತಾಳೆ. ಬಿರುಗಾಳಿಯ ರಾತ್ರಿ ಕಪ್ಪು ಬೀರುವಿನಲ್ಲಿ ಒಂದು ಕಾಗದದ ಸುರುಳಿ ಸಿಗುತ್ತದೆ. ಅಷ್ಟರಲ್ಲಿ ಮೇಣದಬತ್ತಿ ಆರುತ್ತದೆ. ಬೆಳಿಗ್ಗೆ ಬಿಡಿಸಿ ನೋಡಿದರೆ ಅಗಸರ ಬಿಲ್ಲು: ಅಂಗಿ ಇಷ್ಟು, ಕಾಲುಚೀಲ ಇಷ್ಟು. ಇದನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ನಾನು ಮರೆತಿದ್ದ ಜಾಗ ಬೇರೆ. ಜನರಲ್ ಟಿಲ್ನಿ ತನ್ನ ಹೊಸ ಅಡುಗೆಮನೆ ತೋರಿಸುವಾಗ, ಓಡಾಡುವ ಆಳುಕಾಳು ನೋಡಿ ಕ್ಯಾಥರೀನ್ ಬೆರಗಾಗುತ್ತಾಳೆ. ಅವಳು ಓದಿದ ಕೋಟೆಗಳಲ್ಲಿ, ಅಷ್ಟು ದೊಡ್ಡ ಮನೆಯ ಕೊಳಕು ಕೆಲಸವೆಲ್ಲ ಹೆಚ್ಚೆಂದರೆ ಇಬ್ಬರು ಹೆಂಗಸರ ಕೈಯಲ್ಲಿ ಮುಗಿಯುತ್ತಿತ್ತು. ಅಷ್ಟೆಲ್ಲ ಅವರು ಹೇಗೆ ಮಾಡುತ್ತಿದ್ದರೋ ಅಂತ ಅವಳ ಪರಿಚಯದ ಮಿಸೆಸ್ ಆಲೆನ್‌ಗೆ ಯಾವಾಗಲೂ ಆಶ್ಚರ್ಯವಂತೆ. ಹೆಂಡತಿಗೆ ಓದಿ ಹೇಳಿದೆ. "ಆ ಮಿಸೆಸ್ ಆಲೆನ್‌ಗೆ ಬುದ್ಧಿ ಉಂಟು" ಅಂದಳು, ಪಾತ್ರೆ ತೊಳೆಯುತ್ತಾ.

'ಜೇನ್ ಏರ್'ನ ಉಳಿದ ಕತೆಯನ್ನೂ ಅವತ್ತೇ ಮುಗಿಸಿದೆ. ಓಡಿಹೋಗಿದ್ದ ಜೇನ್ ತಿರುಗಿ ಬಂದಾಗ ಥಾರ್ನ್‌ಫೀಲ್ಡ್ ಸುಟ್ಟು ನಿಂತಿದೆ. ಗೋಡೆಯ ತುದಿಯ ಕೋಟೆತೆನೆಗಳಿಲ್ಲ, ಚಾವಣಿಯಿಲ್ಲ, ಬರೀ ಮುಂದಿನ ಗೋಡೆ. ಏನಾಯಿತು ಅಂತ ಅವಳಿಗೆ ಹೇಳುವವನು ಯಾರು? ಊರಿನ ಹೋಟೆಲಿನವನು. ಹಿಂದೆ ಅದೇ ಮನೆಯಲ್ಲಿ ಬಟ್ಲರ್ ಆಗಿದ್ದವನು. ಗ್ರೇಸ್ ಒಳ್ಳೆಯವಳೇ, ಆದರೆ ಜಿನ್ ಬಾಟಲಿ ಒಂದು ಗುಟ್ಟಾಗಿ ಇಟ್ಟುಕೊಂಡಿದ್ದಳು ಅನ್ನುತ್ತಾನೆ. ಅವಳು ಕುಡಿದು ಮಲಗಿದಾಗ ಬರ್ಥಾ ಅವಳ ಜೇಬಿನಿಂದ ಬೀಗದ ಕೈ ತೆಗೆದುಕೊಂಡು ಹೊರಗೆ ಬರುತ್ತಿದ್ದಳು. ಕೊನೆಯ ರಾತ್ರಿ ಮನೆಗೆ ಬೆಂಕಿ ಇಟ್ಟು, ಮೇಲೆ ಹತ್ತಿ ಹಾರಿದಳು.

"ಹೋಟೆಲಿನವರಿಗೆ ಗೊತ್ತಿಲ್ಲದ್ದು ಯಾವುದುಂಟು" ಅಂದಳು ಹೆಂಡತಿ. ನಾನಾ ಅವರ ವಿಷಯ ಅವಳಿಗೆ ಹೇಳಿದ್ದು ಆಮೇಲೆ. ಮದುವೆಯಾಗಿ ಮೂವತ್ತು ವರ್ಷವಾದರೂ ಯಾರಿಗೂ ಹೇಳಿರಲಿಲ್ಲ, ಈಗ ಇಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ಕೆಲಸದ ಮೇಲೆ ಫೋರ್ಟಿಗೆ ಹೋಗಿದ್ದೆ. ಆ ಕಟ್ಟಡಕ್ಕೆ ಹೊಸ ಬಣ್ಣ. ಎದುರುಗಡೆ ಲಿಫ್ಟ್, ಕಾರ್ಡ್ ತೋರಿಸಿದರೆ ತೆರೆಯುವ ಗಾಜಿನ ಬಾಗಿಲು. ಕಾರ್ಡ್ ಇಲ್ಲದ ನಾನು ಗಲ್ಲಿ ಸುತ್ತಿ ಹಿಂದಕ್ಕೆ ಹೋದೆ. ಸುರುಳಿ ಜಿನಾ ಹಾಗೇ ಇದೆ. ಕೆಳಗಿನ ಮೆಟ್ಟಿಲ ಮೇಲೆ ಒಬ್ಬ ಹುಡುಗ ಕಾಗದದ ಕಪ್ಪುಗಳ ಕಟ್ಟು ಇಟ್ಟುಕೊಂಡು ಫೋನ್ ನೋಡುತ್ತಾ ಕೂತಿದ್ದ. ಉತ್ತರದ ಕಡೆಯ ಹುಡುಗ, ಹದಿನೆಂಟಿರಬಹುದು. ಮೇಲಿನಿಂದ ಬಾಗಿಲು ತೆಗೆಯಲಿ ಅಂತ ಕಾಯುತ್ತಿದ್ದಾನಂತೆ. ನಾಲ್ಕನೇ ಮಾಳಿಗೆಯಲ್ಲಿ ಈಗ ಯಾರಿದ್ದಾರೆ ಅಂತ ಕೇಳಿದೆ.

ಅವನು ಫೋನಿನಿಂದ ತಲೆಯೆತ್ತಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. "ಯಾರೂ ಇಲ್ಲ ಅಂಕಲ್" ಅಂದ. "ಬಂದ್ ಇದೆ."